ಏಳು ನಮೂನಿ

ಬ್ಯಾಡಗಿ
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ತಮ್ಮ ಫಿರೋಜ್‌ಗೆ,

ಪ್ರೀತಿಯ ಎಂದು ಬರೆದದ್ದು ರೂಢಿಯಿಂದ, ಈ ವಾರ ಅದಕ್ಕೆ ಬೇರೆ ಅರ್ಥ ಹುಡುಕಬೇಡ. ಹೇಗಿದ್ದೀ? ಗುಂಟೂರಿನ ಬಿಸಿಲು ತಡೆಯುವಂತಿದೆಯೇ? ಹೊಟ್ಟೆಯ ಉರಿ ಕಡಿಮೆಯಾಯಿತೇ? ಮೆಣಸಿನಕಾಯಿ ಖರೀದಿಗೆ ಹೋದವನು ಅದನ್ನೇ ತಿನ್ನುತ್ತ ಕೂಡಬೇಡ, ಮಜ್ಜಿಗೆ ಕುಡಿ. ನಾವು ಇಲ್ಲಿ ಕ್ಷೇಮ ಎಂದು ಬರೆಯಬೇಕು, ಬರೆಯುವುದಿಲ್ಲ. ಫೋನಿನಲ್ಲಿ ಬೈದರೆ ನೀನು ಕಟ್ ಮಾಡುತ್ತೀ. ಕಾಗದವನ್ನು ಕಟ್ ಮಾಡಲಾಗದು. ನಿಮ್ಮ ಲಾರಿಯ ಮುಜಾಫರ ಇವತ್ತು ಸಂಜೆ ಅಲ್ಲಿಗೆ ಹೊರಡುತ್ತಾನೆ. ನೀನು ಇದನ್ನು ಪೂರ್ತಿ ಓದುವ ತನಕ ಎದುರಿಗೇ ನಿಂತಿರು ಎಂದು ಅವನಿಗೆ ತಾಕೀತು ಮಾಡಿದ್ದೇನೆ.

ಅಬ್ಬಾನ ಆರು ಗ್ರಾಮಫೋನ್ ರೆಕಾರ್ಡುಗಳನ್ನು ಯಾರನ್ನು ಕೇಳಿ ಕೊಟ್ಟೆ? ಅವು ಏನೆಂದು ಗೊತ್ತಿರಲಿಲ್ಲ ಎಂದು ಹೇಳಬೇಡ. ಅಬ್ಬಾ ಮೆಣಸಿನಕಾಯಿಯ ಬಣ್ಣ ತೆಗೆಯುವ ಕಾರ್ಖಾನೆಯಲ್ಲಿ ಫೋರ್‌ಮನ್ ಆಗಿದ್ದಾಗ ಯಂತ್ರ ಕೂಡಿಸಲು ಬಂದ ಜರ್ಮನ್ ಇಂಜಿನಿಯರ್ ನಾಲ್ಕು ತಿಂಗಳು ನಮ್ಮ ಮನೆಯಲ್ಲೇ ಉಂಡ. ನೀನಾಗ ತೊಟ್ಟಿಲಲ್ಲಿದ್ದೆ. ಊರಿಗೆ ಹೋದ ಮೇಲೆ ಅಮ್ಮಿಯ ರೊಟ್ಟಿಯ ನೆನಪಿಗೆಂದು ಅವನು ತನ್ನ ಊರಿನ ದೊಡ್ಡ ಸಿಂಫನಿ ವಾದ್ಯವೃಂದದ ರೆಕಾರ್ಡು ಒಂದನ್ನು ಕಳಿಸಿದ. ವೃಂದಕ್ಕೆ ನೂರು ವರ್ಷ ತುಂಬಿದಾಗ ನುಡಿಸಿದ್ದು. ಐದೈದು ವರ್ಷಕ್ಕೊಮ್ಮೆ ಹುಟ್ಟುಹಬ್ಬದ ದಿನ ಅವರು ಅದೇ ಒಂದು ಸಿಂಫನಿಯನ್ನು ನುಡಿಸಿ ರೆಕಾರ್ಡು ಮಾಡುತ್ತಿದ್ದರಂತೆ, ಎದುರು ನಿಂತು ಕೈಸನ್ನೆಯಿಂದ ವೃಂದವನ್ನು ನಡೆಸುವ ಕಂಡಕ್ಟರ್ ಆಗ ಯಾರೋ ಅವನ ಕೈಕೆಳಗೆ. ಎಪ್ಪತ್ತನೆಯ ವರ್ಷದಿಂದ ನೂರರ ತನಕ ಒಟ್ಟು ಏಳು. ಉಳಿದ ಆರನ್ನು ಕೂಡಿಸಲು ಅಬ್ಬಾಗೆ ಹದಿನೆಂಟು ವರ್ಷ ಹಿಡಿಯಿತು. ಪರದೇಶದ ಹಳೆಯ ಅಂಗಡಿಗಳಿಗೆಲ್ಲ ಇಂಗ್ಲಿಷಿನಲ್ಲಿ ಪತ್ರ ಬರೆದವಳು ನಾನು. ಕೊನೆಯದು ಬಂದ ದಿನ ಅಬ್ಬಾ ಓಣಿಗೆಲ್ಲ ಪೇಡೆ ಹಂಚಿದರು. ನೀನೂ ನಾಲ್ಕು ತಿಂದೆ.

ನೀನು ಫೋನಿನಲ್ಲಿ ಆಡಿದ ಮಾತು ಇನ್ನೂ ಕಿವಿಯಲ್ಲಿದೆ. ‘ಆಪಾ, ಏಳರಾಗೂ ಅದ ಬಾಜಾ ಐತಿ. ನಮೂನಿಗೆ ಒಂದ ಇಟ್ಟೇನಲ್ಲ, ಸಾಕು.’ ನಮೂನಿಗೆ! ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದಿಡುವ ಹಾಗೆ! ಅದೂ ಕವರ್ ಚೆಂದ ಇದ್ದದ್ದನ್ನು ಆರಿಸಿ ಇಟ್ಟಿದ್ದೀ. ಅದೇ ಶಬ್ದ ಹಿಡಿದು ಅಬ್ಬಾ ಎಷ್ಟು ಸಲ ಹೇಳಿಲ್ಲ, ‘ಬೇಟಾ, ಇವು ಒಂದ ಅಲ್ಲ, ಏಳ ನಮೂನಿ ಅದಾವು’ ಎಂದು? ನೀನೇ ಒಂದು ನಮೂನಿ ಮನುಷ್ಯ ಬಿಡು. ಕಾಯಿ ಮುರಿದು ಮೂಸಿ ಇದು ಗುತ್ತಲದ್ದು, ಇದು ಹೊಸರಿತ್ತಿಯದು ಎಂದು ಹೇಳುವವನು. ಬ್ಯಾಡಗಿ ಕಾಯಿ ಎಲ್ಲ ಒಂದೇ ಎಂದು ಯಾವನಾದರೂ ಅಂದರೆ ಹೊಡೆಯಲು ಹೋಗುತ್ತೀ. ಮೂಗಿಗಿರುವ ಬುದ್ಧಿ ಕಿವಿಗೆ ಯಾಕಿಲ್ಲ?

ಮೇಲೆ ಒಂದು ಹಾಸ್ಯ ಬೇರೆ. ‘ಕಂಡಕ್ಟರ್ ಯಾಂವ ಇದ್ದರೇನು, ಬಸ್ಸು ಮುಟ್ಟೂದು ಹಾವೇರಿಗೇ ಅಲ್ಲ?’ ಹದಿನಾಲ್ಕು ವರ್ಷದಿಂದ ಗುತ್ತಲದ ಶಾಲೆಗೆ ಬಸ್ಸಿನಲ್ಲಿ ಓಡಾಡುವವಳಿಗೆ ಕಂಡಕ್ಟರ್ ವಿಷಯ ಹೇಳಲು ಬರಬೇಡ. ಒಬ್ಬನು ಓಡಿ ಬರುವ ಮುದುಕಿಗಾಗಿ ನಿಲ್ಲಿಸುತ್ತಾನೆ, ಇನ್ನೊಬ್ಬ ಅವಳ ಒಂದು ಕಾಲು ನೆಲದ ಮೇಲಿರುವಾಗಲೇ ಸೀಟಿ ಊದುತ್ತಾನೆ. ಬಸ್ಸು ಅದೇ, ರಸ್ತೆ ಅದೇ. ಅಬ್ಬಾನ ಏಳು ಮಂದಿಯೂ ಹಾಗೆಯೇ. ಎಪ್ಪತ್ತನೆಯ ವರ್ಷದವನು ಮಹಾ ಅವಸರದವನು. ಎಂಬತ್ತನೆಯ ವರ್ಷದವನು ಮೆತ್ತಗಿನ ಭಾಗಕ್ಕೆ ಬಂದರೆ ಬಿಟ್ಟುಹೋಗಲು ಮನಸ್ಸಿಲ್ಲದೆ ನಿಂತೇಬಿಡುತ್ತಾನೆ. ಅಮ್ಮಿ ತೀರಿಕೊಂಡ ವರ್ಷ ಅಬ್ಬಾ ಅವನೊಬ್ಬನನ್ನೇ ಕೇಳುತ್ತಿದ್ದರು. ನೀನು ಆಗಲೂ ಹೊರಗೆ ಮೊಬೈಲು ನೋಡುತ್ತಿದ್ದೆ.

ಪ್ರತಿ ರವಿವಾರ ಊಟವಾದ ಮೇಲೆ ಒಂದು ರೆಕಾರ್ಡು, ಅಬ್ಬಾ ಮತ್ತು ನಾನು. ಕಣ್ಣು ಮಂಜಾದ ಮೇಲೆ ಅವರು ಕವರಿನ ಮೂಲೆ ಮುಟ್ಟಿಯೇ ಯಾವುದೆಂದು ಹೇಳುತ್ತಾರೆ. ಒಂಬತ್ತನೆಯ ತಾರೀಖಿನ ರವಿವಾರ ಪೆಟ್ಟಿಗೆಯೊಳಗೆ ಕೈ ಹಾಕಿದರು. ಒಂದೇ ಸಿಕ್ಕಿತು. ತಡಕಾಡಿದರು. ಆಮೇಲೆ ಪೆಟ್ಟಿಗೆಯನ್ನು ಬೋರಲು ಮಾಡಿ ಅಲುಗಾಡಿಸಿದರು, ಫಿರೋಜ್. ಅದನ್ನು ನೋಡಿದವಳು ನಾನು. ನೀನಲ್ಲ.

ಮೊನ್ನೆ ರವಿವಾರ ಬೆಳಿಗ್ಗೆ ರಾಣೆಬೆನ್ನೂರಿಗೆ ಹೋಗಿದ್ದೆ. ನಿನ್ನ ದೋಸ್ತ ಕೊಟ್ರೇಶನ ಹೊಸ ಚಹಾದ ಅಂಗಡಿ ಬಹಳ ಚೆಂದವಿದೆ, ಬೆಂಕಿ ಬೀಳಲಿ. ನಾಲ್ಕು ರೆಕಾರ್ಡುಗಳನ್ನು ಗೋಡೆಗೆ ಸ್ಕ್ರೂ ಹೊಡೆದು ಕೂಡಿಸಿದ್ದಾನೆ, ಬಿಸಿಲು ನೇರ ಅವುಗಳ ಮೇಲೆ. ಐದನೆಯದಕ್ಕೆ ಮುಳ್ಳು ಹಾಕಿ ಗಡಿಯಾರ ಮಾಡಿದ್ದಾನೆ, ಅದೂ ಹತ್ತು ನಿಮಿಷ ಹಿಂದೆ. ಆರನೆಯದನ್ನು ಕಾಸಿ ಬಟ್ಟಲಿನ ಹಾಗೆ ಬಗ್ಗಿಸಿ, ನನ್ನ ಮುಂದೆ ಅದರಲ್ಲೇ ಗಿರ್ಮಿಟ್ ತಂದಿಟ್ಟ. ಉಳ್ಳಾಗಡ್ಡಿ ಸರಿಸಿ ಅಡಿಯಲ್ಲಿ ಬರೆದದ್ದನ್ನು ಓದಿದೆ. ಎಂಬತ್ತನೆಯ ವರ್ಷದ್ದು. ನಾನು ಅಲ್ಲೇ ಅತ್ತೆ, ಮಂದಿಯೆದುರು. ಗೋಡೆಯ ಮೇಲಿನವನ್ನಾದರೂ ಬಿಚ್ಚಿಕೊಡು ಎಂದರೆ ಕೊಟ್ರೇಶ ಕೈಮುಗಿದ. ‘ಅಕ್ಕಾರ, ಅಂಗಡಿ ತೆರೆದ ದಿನ ಫಿರೋಜ ತನ್ನ ಕೈಯಾರೆ ಕೊಟ್ಟಾನ್ರಿ. ಅಂವಾ ಬಂದು ಒಂದ ಮಾತು ಅನ್ನಲಿ, ನಿಂತ ಕಾಲ ಮ್ಯಾಲ ಬಿಚ್ಚಿ ಕೊಡತೇನಿ.’ ಅವನ ಮಾತಿನಲ್ಲಿ ತಪ್ಪಿಲ್ಲ. ಅತ್ತೆಯ ಸೊತ್ತನ್ನು ಅಳಿಯ ದಾನ ಮಾಡಿದ ಎನ್ನುತ್ತಾರಲ್ಲ, ಆ ಅಳಿಯ ನೀನು.

ಇನ್ನು ಬೈಯಲು ಕೈ ನೋಯುತ್ತಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ತಲೆಗೆ ಟವೆಲ್ ಇಲ್ಲದೆ ಬಿಸಿಲಿಗೆ ಇಳಿಯಬೇಡ. ಅಲ್ಲಾಹ್ ನಿನಗೆ ಆರೋಗ್ಯ ಕೊಡಲಿ, ಬುದ್ಧಿಯನ್ನೂ ಕೊಡಲಿ, ಎರಡನೆಯದನ್ನು ಮೊದಲು.

ನಿನ್ನ ಆಪಾ,
ಬೇನಜೀರ

ತಾ.ಕ.: ಮುಜಾಫರ ಹಾರ್ನ್ ಹೊಡೆಯುತ್ತಿದ್ದಾನೆ, ಬೇಗ ಬರೆಯುತ್ತೇನೆ. ಅವತ್ತು ನಿನಗೆ ಫೋನ್ ಮಾಡಿ ಒಳಗೆ ಬಂದಾಗ, ಉಳಿದವು ಎಲ್ಲಿ ಎಂದು ಅಬ್ಬಾ ಕೇಳಿದರು, ನಾನೇ ಕೊಟ್ಟೆ ಎಂದುಬಿಟ್ಟೆ. ನಿನ್ನ ಹೆಸರು ಬಾಯಿಗೆ ಬರಲಿಲ್ಲ. ನಿನ್ನನ್ನು ಉಳಿಸಿದೆ ಅಂದುಕೊಂಡೆ. ಅವರು ‘ಫಿರೋಜ ಕೊಟ್ಟಿದ್ದರ ತಿಳೀಲಾರದ ಕೊಟ್ಟಾನ ಅಂತ ಬಿಡತಿದ್ದೆ. ನಿನಗ ಗೊತ್ತಿತ್ತಲ್ಲ, ಬೇಟಾ’ ಎಂದರು. ಒಂಬತ್ತು ದಿನವಾಯಿತು, ನನ್ನ ಕೂಡ ಮಾತಿಲ್ಲ. ಮೊನ್ನೆ ನಾನು ರಾಣೆಬೆನ್ನೂರಿನಿಂದ ಬರುವಷ್ಟರಲ್ಲಿ ಒಳಗಿನಿಂದ ಚಿಲಕ ಹಾಕಿಕೊಂಡು, ಉಳಿದ ಒಂದನ್ನು ಒಬ್ಬರೇ ಕೇಳುತ್ತಿದ್ದರು. ಈಗ ನಾನು ನಿಜ ಹೇಳಿದರೆ ತನ್ನ ತಪ್ಪನ್ನು ತಮ್ಮನ ಮೇಲೆ ಹಾಕುತ್ತಿದ್ದಾಳೆ ಅನ್ನುತ್ತಾರೆ. ನೀನೇ ಬಂದು ಹೇಳು. ನಿನ್ನನ್ನು ಅವರು ಕ್ಷಮಿಸುತ್ತಾರೆ. ರೆಕಾರ್ಡು ಸಿಗದಿದ್ದರೂ ಚಿಂತೆಯಿಲ್ಲ, ನೀನು ಬಾ.