ಮುಟ್ಟದ ತಾಂಬೂಲ

ದೇವನಹಳ್ಳಿ
ತಾ|| ೯-೮-೧೯೪೪, ಬುಧವಾರ

ಯಜಮಾನರಿಗೆ ಅನುಸೂಯ ಮಾಡುವ ನಮಸ್ಕಾರಗಳು.

ನಿಮ್ಮ ಕೆಮ್ಮು ಈಗ ಹೇಗಿದೆ? ಪೂನಾದಲ್ಲಿ ಮಳೆ ಬಿಡುವುದೇ ಇಲ್ಲವೆಂದು ಬರೆದಿದ್ದಿರಿ. ಒದ್ದೆ ನೆಲದಲ್ಲಿ ಮಲಗಿ ಮಿಲಿಟರಿ ಮೋಟಾರು ರಿಪೇರಿ ಮಾಡುವವರಿಗೆ ಕೆಮ್ಮು ಬರದೆ ಇನ್ನೇನು ಬಂದೀತು? ಮೆಣಸಿನ ಕಷಾಯ ಮಾಡಿಕೊಡುವವರು ಅಲ್ಲಿ ಯಾರೂ ಇಲ್ಲವಲ್ಲ ಎಂದು ನನಗೆ ಸಂಕಟ. ಇಲ್ಲಿ ನಾನೂ ಮಗುವೂ ಚೆನ್ನಾಗಿದ್ದೇವೆ. ಮಗು ಥೇಟ್ ನಿಮ್ಮ ಹಾಗೇ, ಬೇಡ ಅಂದರೆ ಬೇಡವೇ. ಅದಕ್ಕೆ ನಾಲ್ಕು ತುತ್ತು ರಾಗಿ ಸರಿ ತಿನ್ನಿಸುವುದು ಕೋರ್ಟಿಗೆ ಹೋಗಿಬರುವುದಕ್ಕಿಂತ ಕಷ್ಟ.

ಕೋರ್ಟಿನ ಸುದ್ದಿಗೇ ಬರುತ್ತೇನೆ. ಹೋದ ವಾರ ತೀರ್ಪಾಯಿತು. ನಾವು ಗೆದ್ದೆವು. ಹಾಗೆಂದು ಸ್ನೇಹಿತರಿಗೆಲ್ಲ ಟೀ ಕುಡಿಸಲು ಏಳಬೇಡಿ, ಮಿಕ್ಕದ್ದನ್ನೂ ಓದಿ. ನಿಮ್ಮಣ್ಣ ಪಿಳ್ಳಪ್ಪ ಭಾವ ಬದುವಿನ ಹುಲ್ಲಿಗೆ ಹಾಕಿದ ಬೆಂಕಿಯಿಂದಲೇ ನಮ್ಮ ಮೂರು ಚಕ್ಕೋತದ ಮರ ಸುಟ್ಟುಹೋದವೆಂದು ನ್ಯಾಯಾಧೀಶರು ಒಪ್ಪಿದರು. ಆದರೆ ನಾವು ಕೇಳಿದ್ದ ಆರುನೂರು ರೂಪಾಯಿ ತೀರಾ ಜಾಸ್ತಿಯಂತೆ. ಇನ್ನೂರೈವತ್ತು ಸಾಕೆಂದು ಬರೆದರು.

ಭಾವ ಮೊದಲೇ ಮುನ್ನೂರು ಕೊಡುತ್ತೇನೆಂದು ಬಂದದ್ದು ನೀವು ಮರೆತಿರಲಾರಿರಿ. ತಟ್ಟೆಯಲ್ಲಿ ಎಲೆ ಅಡಿಕೆ ಇಟ್ಟುಕೊಂಡು ಜಗಲಿ ಮೇಲೆ ಕೂತು, "ಗಾಳಿ ತಿರುಗ್ತದೆ ಅಂತ ನಂಗೇನ್ ಗೊತ್ತಮ್ಮ, ತಪ್ಪಾಗೋಯ್ತು. ಮುನ್ನೂರು ಕೊಡ್ತೀನಿ, ತಾಂಬೂಲ ತಗೊಂಡ್ಬಿಡು" ಅಂದರು. ನಿಮ್ಮನ್ನು ಕೇಳದೆ ತಗೊಳ್ಳುವುದು ಹೇಗೆ? ಕಾಗದ ಬರೆದೆ. "ತಟ್ಟೆ ಮುಟ್ಟಬೇಡ, ಮುಟ್ಟಿದರೆ ಮಾತು ಮುಗಿದ ಹಾಗೆ" ಎಂದು ಒಂದೇ ಸಾಲಿನ ಉತ್ತರ ಬಂತು. ನಮ್ಮಪ್ಪ ಅರಿಶಿನ ಕುಂಕುಮಕ್ಕೆಂದು ನಿಮ್ಮ ಹೊಲದ ಮಗ್ಗುಲಲ್ಲೇ ಕೊಂಡುಕೊಟ್ಟ ತೋಟವಾದ್ದರಿಂದ ದಾವೆ ನನ್ನ ಹೆಸರಿನಲ್ಲಿ ನಡೆಯಿತು. ಕೋಪ ಮಾತ್ರ ಪೂರ್ತಿ ನಿಮ್ಮದು.

ಆಮೇಲೆ ಭಾವ ಅದೇ ಮುನ್ನೂರನ್ನು ಕೋರ್ಟಿನಲ್ಲಿ ಕಟ್ಟಿದರು. ನಮ್ಮ ವಕೀಲರು ಕೂರಿಸಿಕೊಂಡು ಬಿಡಿಸಿ ಹೇಳಿದರು. "ಈ ದುಡ್ಡು ತಗೊಂಡು ಮುಗಿಸ್ಬಿಡೀಮ್ಮ. ಇಲ್ಲ, ಇದನ್ನ ತಗೊಂಡೇ ಬಾಕಿಗೆ ದಾವೆ ನಡೆಸ್ತೀನಿ ಅಂದ್ರೂ ಆಗ್ತದೆ. ಆದ್ರೆ ಇಷ್ಟೇ ಸಾಕಿತ್ತು ಅಂತ ಕೊನೆಗೆ ಕೋರ್ಟು ಹೇಳಿದ್ರೆ, ಇವತ್ತಿಂದ ಆಚೆಗೆ ಅವರ ಖರ್ಚೂ ನಿಮ್ಮ ತಲೆ ಮೇಲೆ ಬರ್ತದೆ." ಅದನ್ನೂ ನಿಮಗೆ ತಿಳಿಸಿದೆ. ಕೋರ್ಟಿನಲ್ಲಿ ಕೂತಿದ್ದ ದುಡ್ಡನ್ನೂ ನೀವು ಅಣ್ಣನ ಎಲೆ ಅಡಿಕೆಯೆಂದೇ ತಿಳಿದು ಮುಟ್ಟಬೇಡವೆಂದಿರಿ. ನಮ್ಮ ಕಡೆ ಯಾರನ್ನು ಕೇಳಿದ್ದರೂ ಹಾಗೇ ಹೇಳುತ್ತಿದ್ದರು, ಕೈಯೊಡ್ಡಿ ತಗೊಂಡ ಮೇಲೆ ಮತ್ತೆ ಜಗಳ ಆಡುವುದುಂಟೇ ಎಂದು. ಕಾನೂನಿಗೆ ನಮ್ಮ ತಟ್ಟೆಯ ಮರ್ಯಾದೆ ಏನು ಗೊತ್ತು? ಆ ದಿನದಿಂದ ಈಚೆಗೆ ವಾಯಿದೆ ಮೇಲೆ ವಾಯಿದೆ ಬಿತ್ತು. ಸುಟ್ಟ ಮರ ನೋಡಲು ಕೋರ್ಟು ಕಳಿಸಿದ ಕಮಿಷನರ ಖರ್ಚು, ಸಾಕ್ಷಿಗಳ ಭತ್ಯೆ, ಭಾವನ ವಕೀಲರ ಫೀಜು, ತೀರ್ಪು ಆ ಮುನ್ನೂರಕ್ಕಿಂತ ಕಡಿಮೆ ಬಂದದ್ದರಿಂದ ಎಲ್ಲವೂ ಈಗ ನಮ್ಮ ಪಾಲಿಗೆ. ಗೆದ್ದ ದುಡ್ಡಿನಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ. ಉಳಿದದ್ದು ನಮ್ಮ ವಕೀಲರಿಗೂ ಸಾಲದು.

ನನಗೆ ಅದಕ್ಕಿಂತ ನೋವು ಪಾಪಕ್ಕನದು. ಭಾವನ ಹೆಂಡತಿಯೆಂದು ನಾನು ಅವರನ್ನು ಯಾವತ್ತೂ ಕಂಡವಳಲ್ಲ, ಸ್ವಂತ ಅಕ್ಕನ ಹಾಗೆ ಇದ್ದರು. ಎರಡು ವರ್ಷದಿಂದ ಒಂದೇ ಬಾವಿಯಲ್ಲಿ ನೀರು ಸೇದುತ್ತೇವೆ, ಮಾತಿಲ್ಲ. ತೌರಿನಿಂದ ಮಗು ಎತ್ತಿಕೊಂಡು ಬಂದ ದಿನ ಆರತಿ ಎತ್ತಬೇಕಾದವರು ಕದ ಹಾಕಿಕೊಂಡಿದ್ದರು. ಕದದ ಹಿಂದೆ ನಿಂತು ಮಗುವಿನ ಅಳು ಕೇಳಿಸಿಕೊಳ್ಳುತ್ತಿದ್ದರೆಂದು ಆಮೇಲೆ ತಿಳಿಯಿತು.

ಕಡಿಮೆ ಬಂದರೆ ಮೇಲಿನ ಕೋರ್ಟಿಗೆ ಹೋಗು, ತೋಟ ಅಡವಿಟ್ಟಾದರೂ ಸರಿ ಎಂದು ನೀವು ಮೊದಲೇ ಬರೆದಿದ್ದೀರಿ. ವಕೀಲರು ಅಪೀಲಿನ ಕಾಗದ ಸಿದ್ಧಮಾಡಿ ನನ್ನ ರುಜುವಿಗೆ ಕಳಿಸಿದ್ದಾರೆ. ಉಳಿದಿರುವುದು ನಾಲ್ಕು ಮರ. ಈ ಸಲ ಕೊಂಬೆ ಬಗ್ಗುವಷ್ಟು ಕಾಯಿ ಹಿಡಿದಿದೆ. ನೆನ್ನೆ ಅವುಗಳ ಕೆಳಗೆ ಬಹಳ ಹೊತ್ತು ಕೂತಿದ್ದೆ. ಮೂರು ಮರ ಭಾವನ ಬೆಂಕಿಗೆ ಹೋದವು, ಈ ನಾಲ್ಕನ್ನು ನಮ್ಮ ಕೈಯಾರೆ ಕೊಡಬೇಕೇ ಎಂದು ಹೊಟ್ಟೆ ಉರಿಯಿತು. ಇದುವರೆಗೆ ನಿಮ್ಮ ಮಾತು ಮೀರಿದವಳಲ್ಲ, ಅದಕ್ಕೇ ಇಷ್ಟು ಉದ್ದ ಬರೆದೆ.

ಎದೆಗೆ ಬಟ್ಟೆ ಸುತ್ತಿಕೊಂಡು ಮಲಗಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ. ಮಗುವಿನ ಪರವಾಗಿಯೂ ನಮಸ್ಕಾರ.

ಇಂತಿ ನಿಮ್ಮ
ಅನುಸೂಯ

ಮತ್ತೆ: ಇಷ್ಟು ಬರೆದು ಲಕೋಟೆ ಅಂಟಿಸುವಷ್ಟರಲ್ಲಿ ಪಾಪಕ್ಕ ಅದೇ ತಟ್ಟೆ ಹಿಡಿದು ಬಂದರು. ಟಪಾಲಿಗೆ ಹೊತ್ತಾಯಿತು, ಬೇಗ ಮುಗಿಸುತ್ತೇನೆ. ನಾವು ಅಪೀಲಿಗೆ ಹೋಗದಿದ್ದರೆ ಅವರು ಖರ್ಚು ಕೇಳುವುದಿಲ್ಲವಂತೆ, ತೀರ್ಪಿನ ದುಡ್ಡು ಪೂರ್ತಿ ನಮಗೇ ಬಿಡುತ್ತಾರಂತೆ. "ಗಂಡಸ್ರ ತಾಂಬೂಲ ಹಂಗಿರ್ಲಿ, ಮುತ್ತೈದೆ ಕೊಟ್ಟಿದ್ದನ್ನ ಬ್ಯಾಡ ಅನ್ಬಾರ್ದು ಕಣಮ್ಮ" ಅಂದರು. ಕಾಗದ ಬರೆದು ಕೇಳಿದರೆ ನೀವು ಏನನ್ನುತ್ತೀರೆಂದು ನನಗೆ ಗೊತ್ತು. ಆದ್ದರಿಂದ ಈ ಸಲ ಕೇಳಲಿಲ್ಲ. ಅಪೀಲಿಗೆ ನಾನು ರುಜು ಹಾಕುವುದಿಲ್ಲ. ಮಗು ಪಾಪಕ್ಕನ ತೊಡೆ ಮೇಲೆ ಕೂತು ರಾಗಿ ಸರಿ ತಿನ್ನುತ್ತಿದೆ. ಎಲೆ ಅಡಿಕೆ ಇನ್ನೂ ನನ್ನ ಬಾಯಲ್ಲಿದೆ.