ಬಳ್ಳು

ಅಪ್ಪಾ,

ನಮ್ಮ ನಿಘಂಟಿನ ಕೆಲಸ ‘ಬ’ ಅಕ್ಷರಕ್ಕೆ ಬಂದಿದೆ. ‘ಬಳ್ಳು’ ಎಂದರೆ ನರಿ. ಹಳೆಯ ಕಾವ್ಯಗಳಲ್ಲಿ ರಣರಂಗದ ಹೆಣಗಳ ನಡುವೆ ಊಳಿಡುತ್ತದೆ. ಆಮೇಲೆ ಎಲ್ಲೂ ಸಿಗಲಿಲ್ಲ. ಈಗಲೂ ಯಾರಾದರೂ ಆಡುತ್ತಿದ್ದರೆ ಮಾತ್ರ ಪದ ಜೀವಂತ. ನಿಘಂಟಿನವರು ಆಡಿದ್ದು ಲೆಕ್ಕಕ್ಕಿಲ್ಲ. ನೀವು ಮೊಮ್ಮಗನ ತೊಟ್ಟಿಲಿಗೆ ಬಗ್ಗಿ, “ಏನೋ ಬಳ್ಳು, ಊರನ್ನೆಲ್ಲ ಎಬ್ಬಿಸ್ತೀಯಾ?” ಎನ್ನುತ್ತಿದ್ದುದನ್ನೇ ಉದಾಹರಣೆ ಕೊಟ್ಟಿದ್ದೆ.

“ಈಗಲೂ ಹಾಗೇ ಅಂತಾರೇನಮ್ಮಾ?” ಎಂದು ಸಂಪಾದಕರು ಮೊನ್ನೆ ಕೇಳಿದರು. “ಸೋಮವಾರ ಹೇಳ್ತೀನಿ” ಎಂದೆ. ಮಗುವನ್ನು ಮಣ್ಣು ಮಾಡಿದ ಮೇಲೆ ನೀವು ಅವನ ಮಾತೇ ಎತ್ತಿಲ್ಲ, ಈ ಮನೆಯ ಹೊಸ್ತಿಲನ್ನೂ ತುಳಿದಿಲ್ಲ.

ಭಾನುವಾರ ಬನ್ನಿ. ಒಂದೇ ಒಂದು ಸಲ ಅವನನ್ನು ಹಾಗೆ ಕರೆಯಿರಿ. ಇಲ್ಲದಿದ್ದರೆ ಸೋಮವಾರ ಆ ಪದದ ಪಕ್ಕ ‘ಬಳಕೆಯಲ್ಲಿಲ್ಲ’ ಎಂದು ನಾನೇ ಮುದ್ರೆ ಒತ್ತಬೇಕು.

ಇಂತಿ,
ನಿಮ್ಮ ಬಳ್ಳುವಿನ ಅಮ್ಮ