ಹನ್ನೆರಡನೇ ಹಾಡಿನ ಕಚ್ಚಾ ಹೊಲಿಗೆ

ಮನೆಯಿಂದ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೀ,

ಹೇಗಿದ್ದೀಯ? ಬೆನ್ನು ನೋವು ಕಡಿಮೆ ಆಯ್ತಾ? ಬಸ್ಸಿನ ಸೀಟಿಗೆ ಅಂತ ದಿಂಬು ಹೊಲಿದು ಕಳಿಸಿದ್ದೆ, ಬಂತೋ ಇಲ್ವೋ ಅಂತ ಒಂದು ಮಾತು ಹೇಳಬಾರದಾ? ಒಳಗೆ ಎರಡು ಪದರ ಹತ್ತಿ ಹಾಕಿದ್ದೀನಿ, ಸೊಂಟದ ಹಿಂದೆ ಇಟ್ಕೋ, ಅದು ಕೂರೋದಕ್ಕಲ್ಲ. ಬೆಳಗಿನ ಪಾಳಿ ಇರುವಾಗ ಖಾಲಿ ಹೊಟ್ಟೇಲಿ ಗಾಡಿ ಹತ್ತಬೇಡ. ಅಷ್ಟು ಜನರನ್ನ ಹಿಂದೆ ಕೂರಿಸ್ಕೊಂಡು ಓಡಿಸೋಳಿಗೇ ತಲೆ ಸುತ್ತಿದ್ರೆ ಅವರ ಗತಿ ಏನು? ನಾನು ಚೆನ್ನಾಗಿದ್ದೀನಿ. ಅಂದ್ರೆ ಏಳ್ತೀನಿ, ಅಂಗಡಿಗೆ ಹೋಗ್ತೀನಿ, ಪರದೆ ಹೊಲೀತೀನಿ, ಮನೆಗೆ ಬರ್ತೀನಿ. ಇದನ್ನೆಲ್ಲ ಫೋನಲ್ಲೇ ಹೇಳಬಹುದಿತ್ತು ಅಂತೀಯ. ಮಾಡಿದ್ರೆ ನೀನು ಹೂಂ, ಹೂಂ ಅಂತೀಯ, ನನಗೆ ಅಳು ಬರುತ್ತೆ, ಆಮೇಲೆ ಇಬ್ಬರೂ ನೆಟ್‌ವರ್ಕ್ ಸರಿಯಿಲ್ಲ ಅಂತ ಸುಳ್ಳು ಹೇಳಿ ಫೋನ್ ಇಡ್ತೀವಿ. ಅದಕ್ಕೇ ಕಾಗದ ಹಿಡಿದಿದ್ದೀನಿ, ಪೂರ್ತಿ ಓದು.

ಮೊದಲು ಸುದ್ದಿ. ನಿನ್ನ ಅಣ್ಣನ ಆಲ್ಬಮ್ಮು ಮುಗೀತಾ ಬಂದಿದೆ. ಅವನು ಹೋಗಿ ಇವತ್ತಿಗೆ ಎಪ್ಪತ್ತೆರಡು ದಿನ. ತಲೆನೋವು ಅಂತ ಊಟ ಬಿಟ್ಟು ಮಲಗಿದವನು ಮತ್ತೆ ಏಳಲಿಲ್ಲ, ತಲೆಯೊಳಗೆ ನರ ಒಡೆದಿತ್ತು ಅಂದ್ರು ಡಾಕ್ಟರು. ನಿನಗೆ ಗೊತ್ತಿರೋದನ್ನೇ ಮತ್ತೆ ಯಾಕೆ ಬರೀತಿದ್ದೀನೋ, ಬರೆದ್ರಾದ್ರೂ ನನಗೆ ನಂಬಿಕೆ ಬರುತ್ತೇನೋ ಅಂತ. ಹನ್ನೆರಡು ಹಾಡು, ಹಾಡಿಗೊಬ್ಬರಂತೆ ಹನ್ನೆರಡು ಜನ ರ‍್ಯಾಪರುಗಳು, ಬೀಟೆಲ್ಲ ಇವನದು. ಏಳು ಜನ ಇವನಿದ್ದಾಗಲೇ ಬಂದು ಹಾಡಿ ಹೋಗಿದ್ರು. ಉಳಿದವರಲ್ಲಿ ನಾಲ್ಕು ಜನರನ್ನ ಕರೆಸಿ ಹಾಡಿಸಿದ್ದು ಗುಂಡ. ಶಾಲೇಲಿದ್ದಾಗಿಂದ ಇವನಿಗೆ ಅಂಟಿಕೊಂಡಿದ್ದ ಪ್ರಾಣಿ ಅದು. ಈಗಲೂ ಆಸ್ಪತ್ರೆ ಲ್ಯಾಬಿನ ಕೆಲಸಕ್ಕೆ ರಜ ಸಿಕ್ಕಿದ ದಿನವೆಲ್ಲ ಬಂದು, ಹಿಂದಿನ ಕೋಣೇಲಿ ಕೂತು, ಎಲ್ಲವನ್ನೂ ಮಿಕ್ಸ್ ಮಾಡಿ ಮುಗಿಸಿದ. ಕೈ ಮುಗೀಬೇಕು ಅವನಿಗೆ. ಮುಂದೆ ಓದ್ತಾ ನಿನಗೆ ಅವನ ಮೇಲೆ ಕೋಪ ಬರುತ್ತೆ, ಬೇಡ, ಅದನ್ನ ನನ್ನ ಮೇಲೆ ಇಟ್ಕೋ.

ಆ ಕೋಣೆ ನೀನು ನೋಡಿದ ಹಾಗೇ ಇದೆ. ನಾಟಕದ ಹಾಲಿಗೆ ಹೊಲಿದು ಉಳಿದ ದಪ್ಪ ಪರದೆ ತುಂಡುಗಳನ್ನ ಗೋಡೆಗೆಲ್ಲ ಇಳಿಬಿಟ್ಟಿದ್ವಲ್ಲ, ಅದೇ ಕೆಂಪು, ಅದೇ ಧೂಳು. ಬಂದವರನ್ನ ನೋಡಬೇಕಿತ್ತು ನೀನು. ಒಬ್ಬ ಮಹಾಶಯ ಒಳಗೆ ಬಂದರೂ ಕಪ್ಪು ಕನ್ನಡಕ ತೆಗೀಲಿಲ್ಲ, ಹೋಗಿ ಮೈಕಿಗೆ ಹಣೆ ಚಚ್ಚಿಕೊಂಡ. ಹಾಡಲ್ಲಿ ಊರಿಗೆ ಊರನ್ನೇ ಸುಡ್ತೀನಿ ಅಂತಾನೆ, ಹೊರಗೆ ಬಂದು ಮೆಲ್ಲಗೆ ಅಮ್ಮ, ಗಂಟಲಿಗೆ ಸ್ವಲ್ಪ ಬಿಸಿನೀರು ಅಂತಾನೆ. ಇನ್ನೊಬ್ಬಳು ನರ್ಸು, ಡ್ಯೂಟಿ ಬಟ್ಟೇಲೇ ಬಂದು ಒಂದೇ ಉಸಿರಿಗೆ ಹಾಡಿ, ಬಸ್ಸು ತಪ್ಪುತ್ತೆ ಅಂತ ಓಡಿದ್ಲು. ನನಗೆ ನಿನ್ನದೇ ನೆನಪು. ಕೊನೆಗೆ ಬಂದವನು ಲಾರಿ ಮೆಕ್ಯಾನಿಕ್ಕು, ಆನೆ ಹಾಗಿದ್ದಾನೆ. ಹೆಡ್‌ಫೋನ್ ಹಾಕ್ಕೊಂಡು ಎರಡೇ ನಿಮಿಷಕ್ಕೆ ಅದನ್ನ ತೆಗೆದಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟ. 'ಅವನು ಕಿವೀಲಿ ಎಣಿಸ್ತಿದ್ದಾನಮ್ಮ' ಅಂದ. ನಾನು ಬೆನ್ನು ಸವರಿ ಟೀ ಕೊಟ್ಟೆ. ಅವನು ಏನು ಹೇಳ್ತಿದ್ದಾನೆ ಅನ್ನೋದು ನನ್ನ ತಲೆಗೆ ಹೋಗಲೇ ಇಲ್ಲ ಪುಟ್ಟಿ. ಅವತ್ತೇ ಹೋಗಿದ್ರೆ ಇಷ್ಟು ಆಗ್ತಿರಲಿಲ್ಲ.

ನಿನಗೆ ಗೊತ್ತಲ್ಲ, ನಿನ್ನ ಅಣ್ಣ ಪ್ರತಿ ಬೀಟಿನ ಮೇಲೂ ಮೊದಲು ತಾನೇ ಗೊಣಗಿ ಇಟ್ಟಿರ್ತಿದ್ದ. ಹಾಡಲ್ಲ ಅದು, ಬರೀ ತ ತ್ತ ತಾ, ಇಲ್ಲಿ ಉಸಿರು ತಗೋ, ಇಲ್ಲಿ ನಿಲ್ಲು, ಒಂದು, ಎರಡು ಅಂತ. ಬಂದವರು ಅದನ್ನ ಕಿವೀಲಿ ಕೇಳ್ಕೊಂಡು ಅದೇ ಜಾಗಕ್ಕೆ ತಮ್ಮ ಮಾತು ಕೂರಿಸಬೇಕು. ಅವರದು ಸರಿಯಾಗಿ ಬಂದ ಮೇಲೆ ಇವನದನ್ನ ಅಳಿಸಿಬಿಡೋದು. ಗೈಡ್ ಅಂತೀರಲ್ಲ ನೀವು, ಅದು. ಇದೇನೋ ಹುಚ್ಚು ಅಂತ ನಾನೊಂದು ಸಲ ಬೈದಾಗ, 'ನಿನ್ನ ಕಚ್ಚಾ ಹೊಲಿಗೆ ಇದ್ದ ಹಾಗಮ್ಮ, ಮಿಷನ್ ಹೊಲಿಗೆ ಬಿದ್ದ ಮೇಲೆ ಆ ದಾರ ಎಳೆದು ಬಿಸಾಕಲ್ವಾ ನೀನು' ಅಂದಿದ್ದ. ನನಗೆ ಎಷ್ಟು ಖುಷಿಯಾಗಿತ್ತು ಗೊತ್ತಾ, ಅವನ ಕೆಲಸದಲ್ಲಿ ಒಂದಾದ್ರೂ ನನಗೆ ಅರ್ಥ ಆಯ್ತಲ್ಲ ಅಂತ. ಅಂಗಡೀಲಿ ಕತ್ತರಿಸೋಳಿಂದ ಹಿಡಿದು ಗುಂಡಿ ಹಾಕೋಳ ತನಕ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೆ.

ಹದಿನೈದು ದಿನದ ಹಿಂದೆ ಗುಂಡ ಕೇಳಿದ. ಹನ್ನೊಂದು ಹಾಡು ಆಯ್ತು, ಕಂಪ್ಯೂಟರಲ್ಲಿ ಜಾಗ ಸಾಲ್ತಿಲ್ಲ, ಅವನು ಯಾವಾಗಲೂ ಮಾಡೋ ಹಾಗೆ ಗೈಡೆಲ್ಲ ತೆಗೆದು ಕ್ಲೀನ್ ಮಾಡ್ಲಾ ಅಂತ. ಪಾಪ, ಕೇಳಿಯೇ ಮಾಡಿದ. ನಾನು ಸೂಜಿಗೆ ದಾರ ಪೋಣಿಸ್ತಾ ಕೂತಿದ್ದವಳು, ತಲೆ ಕೂಡ ಎತ್ತದೆ, ಮಹಾ ತಿಳಿದವಳ ಹಾಗೆ, 'ಕಚ್ಚಾ ದಾರ ಬಿಟ್ರೆ ಅಂದ ಕೆಡುತ್ತೆ, ತೆಗೆದುಬಿಡಪ್ಪ' ಅಂದೆ. ಮೊನ್ನೆಯದಲ್ಲ, ಅದರ ಹಿಂದಿನ ಭಾನುವಾರ ಇಬ್ಬರೂ ಕೂತು ಹನ್ನೊಂದೂ ಹಾಡು ಕೇಳಿದ್ವಿ. ಚೆನ್ನಾಗಿವೆ ಪುಟ್ಟಿ, ಸುಮ್ಮನೆ ಹೇಳ್ತಿಲ್ಲ. ಆ ಮೆಕ್ಯಾನಿಕ್ಕಿನ ಹಾಡಿಗೆ ನನ್ನ ಮೈ ಜುಮ್ಮಂತು. ಎಲ್ಲ ಮುಗಿದ ಮೇಲೆ ಕೇಳಿದೆ, ಇದರಲ್ಲಿ ಇವನು ಎಲ್ಲಿ ಮಾತಾಡ್ತಾನೋ ಅಂತ. ಗುಂಡ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ಹೊಳೀತು. ಮುಖಪುಟದಲ್ಲಿ ದೊಡ್ಡ ಅಕ್ಷರದಲ್ಲಿ ಇವನ ಹೆಸರು ಇದೆ, ಒಳಗೆ ಹನ್ನೊಂದು ಜನ ಬಾಯಿ ತುಂಬ ಮಾತಾಡ್ತಾರೆ, ಇವನ ದನಿ ಒಂದು ಕಡೇನೂ ಇಲ್ಲ.

ಗುಂಡ ಆಮೇಲೆ ಎರಡು ದಿನ ರಜ ಹಾಕಿ ಇದ್ದಬದ್ದ ಡಿಸ್ಕನ್ನೆಲ್ಲ ಹುಡುಕಿದ. ಸಿಗಲಿಲ್ಲ. ನನ್ನ ಫೋನಲ್ಲಿ ಅವನ ಮಾತು ನಾಲ್ಕಿವೆ. ಅಮ್ಮ ಬರ್ತಾ ಬ್ರೆಡ್ ತಾ, ಅಮ್ಮ ಸೋಪು ಮುಗಿದಿದೆ, ಅಮ್ಮ ಬೀಗದ ಕೈ ಎಲ್ಲಿ, ಮತ್ತೊಂದು ಅಮ್ಮ ಅಂತ ಶುರುವಾಗಿ ಅಲ್ಲೇ ಕಟ್ಟಾಗಿದೆ. ವಿಡಿಯೋ ಎಲ್ಲ ಅವನು ತೆಗೆದಿದ್ದೇ ಹೊರತು ಅವನನ್ನ ತೆಗೆದಿದ್ದಲ್ಲ. ತನ್ನ ದನಿ ಕಪ್ಪೆ ದನಿ ಅಂತ ಅವನಿಗೆ ನಾಚಿಕೆ. ಮೊದಲನೇ ಸಲ ನರ ಒಡೆದು ಹೋದ, ಎರಡನೇ ಸಲ ನಾನೇ ಕೈಯಾರೆ ಕಳಿಸಿದೆ ಅನ್ನಿಸ್ತಿದೆ. ಅಂಗಡೀಲಿ ಕಚ್ಚಾ ದಾರ ಬಿಚ್ಚೋ ಕೆಲಸ ಬಂದ್ರೆ ಪಕ್ಕದವಳ ಕಡೆ ತಳ್ತೀನಿ, ಯಾಕೆ ಅಂತ ಯಾರಿಗೂ ಹೇಳಿಲ್ಲ, ನಿನಗೆ ಹೇಳ್ತಿದ್ದೀನಿ.

ಈಗ ಹನ್ನೆರಡನೇ ಹಾಡಿನ ವಿಷಯ. ಅದು ನಿನಗೆ ಅಂತ ಇಟ್ಟಿದ್ದು. ಬಾ ಅಂತ ಅವನು ಬರೆದಿದ್ದಕ್ಕೆ ನೀನು 'ನೋಡೋಣ' ಅಂತ ಒಂದೇ ಮಾತು ಕಳಿಸಿದ್ದೆ, ಆಮೇಲೆ ಬರಲಿಲ್ಲ. ಅವನು ಹೋದ ಮೇಲೆ ಬಂದೆ, ಎರಡು ದಿನ ಇದ್ದೆ, ಆ ಕೋಣೆ ಬಾಗಿಲನ್ನ ಮಾತ್ರ ಮುಟ್ಟಲಿಲ್ಲ. ಯಾಕೆ ಅಂತ ನನಗೆ ಗೊತ್ತಿತ್ತು, ನಾನೂ ತೆಗಿ ಅನ್ನಲಿಲ್ಲ. ಮೂರು ವರ್ಷದ ಹಿಂದೆ ಅವನ ಮೊದಲನೇ ಆಲ್ಬಮ್ಮಲ್ಲಿ ನೀನು ಬರೆದು ಹಾಡಿದ್ದ ಸಾಲುಗಳನ್ನ ತೆಗೆದು, ಆ ಜಾಗಕ್ಕೆ ಯಾವುದೋ ಹೆಸರಾಂತ ರ‍್ಯಾಪರನ್ನ ತಂದು ಕೂರಿಸಿದ. ನಿನಗೆ ಒಂದು ಮಾತು ಹೇಳಲಿಲ್ಲ. ಬಿಡುಗಡೆ ದಿನ ಹೊಸ ಬಟ್ಟೆ ಹಾಕ್ಕೊಂಡು ಬಂದು, ಅಷ್ಟು ಜನರ ಮಧ್ಯೆ ನಿಂತು, ನಿನ್ನ ಹಾಡಲ್ಲಿ ಬೇರೆ ಯಾರದೋ ದನಿ ಕೇಳಿದೆ ನೀನು. ಅವತ್ತು ನಾನು ಏನಂದೆ? ಅಣ್ಣ ಅಲ್ವಾ, ಬಿಡೇ, ದೊಡ್ಡದು ಮಾಡಬೇಡ ಅಂದೆ. ಅದು ತಪ್ಪು. ಅವನದೂ ತಪ್ಪು, ನನ್ನದು ಅದಕ್ಕಿಂತ ದೊಡ್ಡದು. ಇಷ್ಟು ವರ್ಷಕ್ಕೆ ಬಾಯಿ ಬಿಡ್ತಿದ್ದೀನಿ, ಈ ಅಮ್ಮನ್ನ ಕ್ಷಮಿಸು.

ಹನ್ನೆರಡನೇದಕ್ಕೆ ಯಾರೂ ಬರಲಿಲ್ಲವಲ್ಲ, ಹಾಗಾಗಿ ಅದರ ಗೈಡನ್ನ ಗುಂಡ ಮುಟ್ಟಿರಲಿಲ್ಲ. ಅದೊಂದು ಉಳಿದಿದೆ ಅಂತ ಗುಂಡನಿಗೆ ನೆನಪಾಗಿದ್ದು ನಿನ್ನೆ. ನಿನ್ನೆ ಸಂಜೆ ಅಂಗಡಿಯಿಂದ ಬಂದವಳು ಕೈಕಾಲು ಕೂಡ ತೊಳೀದೆ ಹೆಡ್‌ಫೋನ್ ಹಾಕ್ಕೊಂಡು ಕೂತೆ. ತ ತ್ತ ತಾ ಇಲ್ಲ ಕಣೇ ಅದರಲ್ಲಿ. ನಿನ್ನ ಸಾಲುಗಳಿವೆ. ಅವನು ತೆಗೆದು ಬಿಸಾಕಿದ್ದ ಅವೇ ಹದಿನಾರು ಸಾಲು, ಒಂದೂ ಬಿಟ್ಟಿಲ್ಲ. 'ಲಿಫ್ಟು ಕೆಟ್ಟಿದೆ, ಅಮ್ಮನ ಮಂಡಿ ಗಟ್ಟಿಯಿದೆ, ಐದು ಮಹಡಿ ಪರದೆ ಅವಳ ಬೆನ್ನಿಗೆ ಕಟ್ಟಿದೆ.' ಕಪ್ಪೆ ದನೀಲಿ, ತಪ್ಪು ತಪ್ಪು ಜಾಗದಲ್ಲಿ ಉಸಿರು ಎಳೀತಾ, ನಿನ್ನ ಹಾಗೇ ಹೇಳೋಕೆ ನೋಡಿದ್ದಾನೆ. ಎಂಟನೇ ಸಾಲಲ್ಲಿ ಎಡವಿ, ಛೆ, ಇದನ್ನ ಅವಳು ಹೇಗೆ ಹೇಳ್ತಿದ್ಲೋ ಅಂತ ತನ್ನಷ್ಟಕ್ಕೆ ಗೊಣಗಿ, ಮತ್ತೆ ಮೊದಲಿಂದ ಶುರು ಮಾಡ್ತಾನೆ. ಕಾಗದ ನೋಡಿ ಓದೋನು ಹಾಗೆ ಎಡವಲ್ಲ. ಮೂರು ವರ್ಷ ಅವನು ಅದನ್ನ ಬಾಯಲ್ಲಿಟ್ಕೊಂಡು ತಿರುಗಿದ್ದಾನೆ, ನಮಗ್ಯಾರಿಗೂ ಗೊತ್ತಾಗಲಿಲ್ಲ. ಅಂದ ಹಾಗೆ ಮಂಡಿ ಈಗ ಗಟ್ಟಿಯಿಲ್ಲ, ಲಿಫ್ಟು ಮಾತ್ರ ಹಾಗೇ ಕೆಟ್ಟಿದೆ.

ಬರಲಿಲ್ಲವಲ್ಲ ಅಂತ ನೀನು ಒಳಗೊಳಗೇ ಬೇಯ್ತಿದ್ದೀಯ, ನನಗೆ ಗೊತ್ತು, ನಾನು ಹೆತ್ತವಳು. ನಿಜ ಹೇಳ್ತೀನಿ, ನನಗೂ ನಿನ್ನ ಮೇಲೆ ಕೋಪ ಇತ್ತು. ಇಷ್ಟು ಹಟ ಯಾರಿಂದ ಬಂತು ಇವಳಿಗೆ ಅಂತ ದಿನಾ ಬೈಕೊಳ್ತಿದ್ದೆ. ಈಗ ನೋಡು, ಅವನು ಕರೆದಾಗಲೇ ನೀನು ಓಡಿಬಂದು ಹಾಡಿದ್ದಿದ್ರೆ ಈ ಗೈಡೂ ಉಳೀತಿರಲಿಲ್ಲ. ಅವನೇ ಅಳಿಸಿರ್ತಿದ್ದ, ಇಲ್ಲದಿದ್ರೆ ನಾನು ಅಳಿಸು ಅಂದಿರ್ತಿದ್ದೆ. ನಿನ್ನ ಹಟದಿಂದ ನನ್ನ ಮಗನ ದನಿ ಒಂದು ಮೂರು ನಿಮಿಷ ನನಗೆ ಉಳೀತು. ಬೈದಿದ್ದನ್ನೆಲ್ಲ ವಾಪಸ್ ತಗೊಂಡಿದ್ದೀನಿ. ಮುಂದಿನ ಶುಕ್ರವಾರ ಗುಂಡ ಎಲ್ಲ ಹಾಡನ್ನೂ ಬಿಡುಗಡೆಗೆ ಕಳಿಸಬೇಕಂತೆ. ನೀನು ಬಂದು ಹಾಡಿದ್ರೆ ಅವನ ದನಿ ಅಳಿಸಲ್ಲ, ಅದರ ಪಕ್ಕದಲ್ಲೇ ನಿನ್ನದನ್ನ ಇಡ್ತೀನಿ ಅಂತ ನನ್ನ ಕೈ ಹಿಡಿದು ಹೇಳಿದ್ದಾನೆ. ಬರದೇ ಇದ್ರೂ ಸರಿ, ಅಣ್ಣನ ದನಿಯೊಂದೇ ಹೋಗುತ್ತೆ. ನಿನಗೆ ಬಲವಂತ ಇಲ್ಲ, ರಜ ಸಿಗುತ್ತೋ ಇಲ್ವೋ.

ಟೋಪಿ ಇಲ್ಲದೆ ಬಿಸಿಲಲ್ಲಿ ಡಿಪೋಗೆ ನಡೀಬೇಡ. ಗಂಟಲು ಜೋಪಾನ. ನೂರು ವರ್ಷ ಬಾಳು ಮಗಳೇ. ಯಾರ ಮೇಲಾದ್ರೂ ಸಿಟ್ಟು ಬಂದ್ರೆ ಬೈದುಬಿಡು, ಮಾತು ಮಾತ್ರ ಬಿಡಬೇಡ.

ನಿನ್ನ ದಾರಿ ಕಾಯ್ತಿರೋ,
ಅಮ್ಮ

ಮರೆತಿದ್ದೆ. ಮರೆತಿದ್ದಲ್ಲ, ಬರೆಯೋಕೆ ಧೈರ್ಯ ಸಾಲಲಿಲ್ಲ. ಕಾಗದ ಮಡಿಚಿ ಮತ್ತೆ ಬಿಚ್ಚಿದ್ದೀನಿ. ಆ ಗೈಡಿನ ಕೊನೇಲಿ ನಿನ್ನ ಸಾಲು ಮುಗಿದ ಮೇಲೆ ಬಾಗಿಲು ತೆಗೆದ ಸದ್ದು ಕೇಳುತ್ತೆ. ಅವನು ಹೆಡ್‌ಫೋನ್ ಕಿತ್ತಿಟ್ಟು, ಅಷ್ಟು ಖುಷಿಯಾಗಿ 'ಬಂದ್ಯಾ ಪುಟ್ಟೀ?' ಅಂತಾನೆ. ಆಮೇಲೆ ನನ್ನ ದನಿ, 'ನಾನು ಕಣೋ, ಟೀ.' ಅವನು 'ಓ' ಅಂತಾನೆ, ಅಲ್ಲಿಗೆ ನಿಲ್ಲುತ್ತೆ. ಅವತ್ತು ನಿನಗೆ ವಾರದ ರಜ ಅಂತ ಅವನಿಗೆ ಗೊತ್ತಿತ್ತಂತೆ, ಬೆಳಗಿಂದ ಕಾಯ್ತಿದ್ದನಂತೆ, ಗುಂಡ ಈಗ ಹೇಳ್ತಾನೆ. ಇದನ್ನೇನು ಮಾಡ್ಲಿ ಅಂತ ಗುಂಡ ಕೇಳಿದ. ನನ್ನ ದನಿ ತೆಗೆದುಬಿಡು ಅಂದಿದ್ದೀನಿ, ಈ ಸಲ ಯೋಚನೆ ಮಾಡಿಯೇ ಅಂದಿದ್ದೀನಿ. ನಿನ್ನ ಅಣ್ಣ ಬಂದ್ಯಾ ಅಂತ ಕೇಳಿದ್ದು ನನ್ನನ್ನಲ್ಲ. ಆ ಜಾಗ ಖಾಲಿ ಬಿಟ್ಟಿದ್ದೀವಿ, ಬಂದು ನೀನೇ ಹೇಳು.